ಹಿಂಡಿ ಬರ್ಗರ್

ಬೆಣ್ಣೆದೋಸೆ ಊರಲ್ಲಿ ಕೂತು ಸಸ್ಯಮಾಂಸದ ಬರ್ಗರ್ ಬಗ್ಗೆ ಬರೆಯೋಕೆ ಸ್ವಲ್ಪ ಧೈರ್ಯ ಬೇಕು. ಆದರೆ ಈ ಬರ್ಗರ್‌ನ ಇತಿಹಾಸ ಹುಡುಕುತ್ತಾ ಹೋದರೆ ಕ್ಯಾಲಿಫೋರ್ನಿಯಾಕ್ಕಿಂತ ಮೊದಲು ಸಿಗೋದು ಎಣ್ಣೆ ಮಿಲ್ಲು, ದನದ ಕೊಟ್ಟಿಗೆ ಮತ್ತು ಮೈಸೂರಿನ ಒಂದು ಅರಮನೆ.

ಕೋಡ್ ಓದೋ ಚಟ ಇರೋರಿಗೆ ಪ್ಯಾಕೆಟ್‌ನ ಹಿಂಭಾಗ ಓದದೆ ಇರೋಕಾಗಲ್ಲ. ನಾನು ತಂದಿದ್ದ ಪ್ಯಾಟಿಯಲ್ಲಿ ಇದ್ದದ್ದು ಇಷ್ಟು: ನೀರು, ಸೋಯಾ ಪ್ರೋಟೀನ್, ಎಣ್ಣೆ, ಮೀಥೈಲ್ ಸೆಲ್ಯುಲೋಸ್, ಮಸಾಲೆ, ಬಣ್ಣಕ್ಕೆ ಬೀಟ್‌ರೂಟ್. ಮೂಲೆಯಲ್ಲಿ ಹಸಿರು ಚುಕ್ಕೆ.

ಸೋಯಾ ಪ್ರೋಟೀನ್ ಅನ್ನೋದು ದೊಡ್ಡ ಹೆಸರು. ಮೂಲದಲ್ಲಿ ಅದು ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ. ನಮ್ಮ ಜಿಲ್ಲೆಯವರಿಗೆ ಹಿಂಡಿ ಅಂದ್ರೆ ವಿವರಿಸಬೇಕಿಲ್ಲ. ದಾವಣಗೆರೆಯನ್ನ ಹತ್ತಿ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಆದರೆ ಹತ್ತಿಯ ಜೊತೆ ಶೇಂಗಾ ಎಣ್ಣೆ ಮಿಲ್ಲುಗಳೂ ಇದ್ವು. ಎಣ್ಣೆ ಊರಿಗೆ, ಹಿಂಡಿ ದನಕ್ಕೆ. ನಮ್ಮ ಹಳ್ಳಿ ಮನೆಯಲ್ಲಿ ಕರೆಯೋ ಎಮ್ಮೆಗೆ ಮಾತ್ರ ನೆನೆಸಿದ ಹಿಂಡಿ ಸಿಗ್ತಿತ್ತು. ಬರಡು ಎಮ್ಮೆಗೆ ಬರೀ ಸೊಪ್ಪೆ. (ಧಾರವಾಡ, ಬೆಳಗಾವಿ ಕಡೆ ರೊಟ್ಟಿಗೆ ಹಚ್ಚಿಕೊಳ್ಳೋ ಶೇಂಗಾ ಚಟ್ನಿಪುಡಿಗೂ ಹಿಂಡಿ ಅಂತಲೇ ಅಂತಾರೆ. ಅದು ಬೇರೆ ಕಥೆ, ರುಚಿಯ ಕಥೆ.)

ಶೇಂಗಾದಿಂದ ಮಾಂಸದ ಬದಲಿ ಮಾಡೋ ಯೋಚನೆಯೂ ಹೊಸದಲ್ಲ. ಕಾರ್ನ್‌ಫ್ಲೇಕ್ಸ್‌ನ ಜಾನ್ ಹಾರ್ವೆ ಕೆಲಾಗ್ 1890ರ ದಶಕದಲ್ಲೇ ಅಮೆರಿಕದ ತಮ್ಮ ಆರೋಗ್ಯಧಾಮದ ರೋಗಿಗಳಿಗೆ 'ನಟ್ಟೋಸ್' ಅನ್ನೋ ಶೇಂಗಾ ಮಾಂಸ ತಿನ್ನಿಸ್ತಿದ್ರು. ಅದು ಉಳ್ಳವರ ಪಥ್ಯ. ನಮ್ಮಲ್ಲಿ ಅದೇ ಕಾಳು ಬಂದದ್ದು ಹಸಿವಿನ ಬಾಗಿಲಿಂದ.

1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್. ದೇಶದಲ್ಲಿ ಹಾಲು, ಬೇಳೆ ಸಾಲದು, ಆದರೆ ಮಿಲ್ಲುಗಳಲ್ಲಿ ರಾಶಿಗಟ್ಟಲೆ ಶೇಂಗಾ ಹಿಂಡಿ ಬಿದ್ದಿದೆ, ಅದರಲ್ಲಿ ಅರ್ಧದಷ್ಟು ಪ್ರೋಟೀನೇ. ಲೆಕ್ಕ ಸರಳ. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಭಾಗ, ಕಡಲೆ ಹಿಟ್ಟು ಕಾಲು ಭಾಗ ಬೆರೆಸಿ, ವಿಟಮಿನ್, ಸುಣ್ಣದಂಶ ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಮಾಡಿದರು. ಸಾಂಬಾರಿಗೆ, ಉಪ್ಪಿಟ್ಟಿಗೆ, ರೊಟ್ಟಿ ಹಿಟ್ಟಿಗೆ, ಯಾವುದಕ್ಕೆ ಬೇಕಾದರೂ ಹಾಕಬಹುದಿತ್ತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ಸೊಗಸಾದ ಪರಿಹಾರ. ಆದರೆ ಶಾಲೆ ಮಕ್ಕಳಿಗೆ, ಬರಗಾಲದ ಗಂಜಿಕೇಂದ್ರಕ್ಕೆ ಅಂತ ಹುಟ್ಟಿದ ಹಿಟ್ಟನ್ನ ಕಾಸು ಕೊಟ್ಟು ಮನೆಗೆ ತರೋ ಆಸೆ ಯಾರಿಗೆ ಹುಟ್ಟುತ್ತೆ? ಬಡವರಿಗೂ ಬಡವರ ಊಟ ಅಂತ ಬರೆದದ್ದು ಬೇಡ.

ಮೇಲಿಂದ 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ತನಿಖೆ ಮಾಡಿದರೆ ಕಾರಣ ಬೂಸ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಸ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಾಯ್ತು. ಶೇಂಗಾ ಹಿಟ್ಟನ್ನ ಮಕ್ಕಳ ಬಾಯಿಗೆ ಹಾಕೋ ಉತ್ಸಾಹಕ್ಕೆ ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಗೂ ಪರೀಕ್ಷೆ.

ಆ ಜಾಗಕ್ಕೆ ಬಂದದ್ದು ಸೋಯಾ. 1960ರ ದಶಕದಲ್ಲಿ ಅಮೆರಿಕದಲ್ಲಿ ಸೋಯಾ ಹಿಟ್ಟನ್ನ ಎಕ್ಸ್‌ಟ್ರೂಡರ್‌ಗೆ ಹಾಕಿ, ಬಿಸಿ ಮತ್ತು ಒತ್ತಡದಲ್ಲಿ ನಾರಿನಂತೆ ಉಬ್ಬಿಸೋದು ಕಲಿತರು. ಚಕ್ಕುಲಿ ಒರಳಿನ ದೊಡ್ಡಣ್ಣ ಅನ್ಕೊಳ್ಳಿ. ಮಧ್ಯಪ್ರದೇಶದಲ್ಲಿ ಸೋಯಾ ಬೆಳೆ ಹಬ್ಬಿತು, ಚಂಕ್ಸ್ ನಮ್ಮ ಕಿರಾಣಿ ಅಂಗಡಿ ಮುಟ್ಟಿತು. ದಾವಣಗೆರೆಯಲ್ಲಿ ಸೋಯಾ ಚಂಕ್ಸ್ ಅಂತ ಕೇಳೋರು ಈಗಲೂ ಕಡಿಮೆ; "ಮೀಲ್ ಮೇಕರ್ ಕೊಡ್ರಿ" ಅಂತಾರೆ. ಬಿಇ ಓದುವಾಗ ಹಾಸ್ಟೆಲ್ ಪಲಾವ್‌ನಲ್ಲಿ ಅದನ್ನ ಎಷ್ಟು ತಿಂದಿದ್ದೀವೋ ಲೆಕ್ಕ ಇಲ್ಲ. ಯಾರೂ ಅದನ್ನ ಮಾಂಸ ಅಂದುಕೊಂಡು ತಿನ್ನಲಿಲ್ಲ, ಯಾರೂ ಜಾತಿ ಕೇಳಲಿಲ್ಲ. ಲಿಂಗಾಯತರ ಮದುವೆ ಊಟದಲ್ಲೂ ನೋಡಿದ್ದೀನಿ. ಮೈಸೂರಿನ ಹಿಟ್ಟು ದಾಟದ ಹೊಸ್ತಿಲನ್ನ ಅದು ಸದ್ದಿಲ್ಲದೆ ದಾಟಿತ್ತು.

ಇನ್ನು ಮೀಥೈಲ್ ಸೆಲ್ಯುಲೋಸ್. ಪ್ಯಾಟಿ ಬಾಣಲೆಯಲ್ಲಿ ಪುಡಿಯಾಗದಂತೆ ಹಿಡಿದಿಡೋ ಅಂಟು. ಇದರ ಗುಣ ವಿಚಿತ್ರ: ತಣ್ಣಗಿದ್ದರೆ ಕರಗುತ್ತೆ, ಕಾದರೆ ಗಟ್ಟಿಯಾಗುತ್ತೆ. ಮಾಡೋದು ಮರದ ತಿರುಳಿಂದ, ಇಲ್ಲವೇ ಹತ್ತಿಬೀಜದ ಮೇಲಿನ ಸಣ್ಣ ನಾರಿಂದ. ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಕುಮಾರಪಟ್ಟಣಂ. ಅಲ್ಲಿನ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ನೀಲಗಿರಿ ಮರ ಅರೆದು ತಿರುಳು ತೆಗೀತಿದೆ. ಆ ತಿರುಳು ಹೋಗೋದು ಬಟ್ಟೆಯ ನೂಲಿಗೆ, ನನ್ನ ಬರ್ಗರ್‌ಗಲ್ಲ. ಆದರೂ ವಸ್ತು ಒಂದೇ ಕುಲದ್ದು. ಹತ್ತಿ, ಹಿಂಡಿ, ಮರದ ತಿರುಳು: ನಮ್ಮೆರಡು ಊರು ದಶಕಗಟ್ಟಲೆ ಮಾಡಿದ್ದೇ ಇದನ್ನ.

2016ರಲ್ಲಿ ಅಮೆರಿಕದ ಇಂಪಾಸಿಬಲ್, ಬಿಯಾಂಡ್ ಬರ್ಗರ್‌ಗಳು ಸಸ್ಯಮಾಂಸಕ್ಕೆ ಹೊಸ ಗುರಿ ಕೊಟ್ಟವು: ಹಸಿದವರಲ್ಲ, ಮಾಂಸ ಬಿಡಬೇಕು ಅಂದುಕೊಂಡ ಉಳ್ಳವರು. 2022ರಲ್ಲಿ ಐಟಿಸಿಯೂ ಇಲ್ಲಿ ಸಸ್ಯಮಾಂಸದ ಪ್ಯಾಟಿ ಬಿಟ್ಟಿತು. ಕೆಲಾಗ್ ಕಾಲದ ಗಿರಾಕಿ ವಾಪಸ್ ಬಂದ ಅನ್ನಿ.

ಅಮ್ಮ ಪ್ಯಾಟಿ ಮೂಸಿ ನೋಡಿದರು. "ಇದ್ರಾಗ ಮಾಂಸ ಇಲ್ಲಂದ್ರ ಅದರ ವಾಸನಿ ಯಾಕ ಹಾಕ್ಯಾರ? ಬಾಣಲಿ ಬ್ಯಾರೆ ಇಟ್ಕೋ." ಮೀಲ್ ಮೇಕರ್ ಪಲಾವ್ ಮಾಡೋ ಕೈ ಅದು. ಹಿಂಡಿಗೆ ಅವರ ತಕರಾರಿಲ್ಲ, ವೇಷಕ್ಕೆ. ನನಗಂತೂ ಅಂಚು ಗರಿಗರಿ ಅನ್ನಿಸ್ತು, ನಡುವೆ ಸ್ವಲ್ಪ ರಬ್ಬರ್. ಇನ್ನೊಂದು ಖಾರ ಇದ್ದಿದ್ದರೆ ಮಂಡಕ್ಕಿ ಜೊತೆ ನಡೀತಿತ್ತು.

ಹರಿಹರದ ಗೆಳೆಯನನ್ನೂ ಕರೆದಿದ್ದೆ. ಮಾಂಸ ತಿನ್ನೋನೇ ತೀರ್ಪು ಕೊಡಲಿ ಅಂತ. ಪೂರ್ತಿ ತಿಂದ, ಕೈ ಒರೆಸಿಕೊಂಡ.

"ರುಚಿ ಹತ್ರ ಹತ್ರ ಐತಿ ಬಿಡು. ಅಲ್ಲೋ, ಕೋಳಿ ತಿಂತೀನಂತ ನಿಮ್ಮ ಏರಿಯಾದಾಗ ನಂಗ ಮೂರು ಮನಿ ಬಾಡಿಗಿಗೆ ಸಿಗ್ಲಿಲ್ಲ. ಈಗ ಅದೇ ರುಚಿ ನಿಮ್ಮ ಫ್ರಿಜ್‌ನಾಗ ಐತಿ. ಹಸಿರು ಚುಕ್ಕಿ ನನ್ ಹಣಿಗೂ ಒಂದು ಹಚ್ಚಿಬಿಡು ಹಂಗಾರ."

ಅಮ್ಮನೂ ನಕ್ಕರು, ಆಮೇಲೆ ಸುಮ್ಮನಾದರು. ಅವನಿಗೆ ಎರಡನೇ ಸಲ ಚಹಾ ಇಟ್ಟರು. ಒಂಬತ್ತರ ಬಸ್ಸಿಗೆ ಅವನು ಹೊರಟ. ಕೆಲಸ ದಾವಣಗೆರೆಯಲ್ಲೇ ಆದರೂ ದಿನಾ ಹರಿಹರದಿಂದಲೇ ಓಡಾಡ್ತಾನೆ, ಒಂದು ಕಡೆಗೆ ಹದಿನಾಲ್ಕು ಕಿಲೋಮೀಟರ್.