ಬಾವಿ ತೋಡು ಎಂದ ವೈದ್ಯ, ನಡೆಯಿರಿ ಎನ್ನುವ ಆಶಾ

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ಹಿಡಿದು ಬರುತ್ತಾರೆ. ಬೀಡಿ ಸೇದ್ತೀರಾ, ಕುಡೀತೀರಾ ಅಂತ ಕೇಳ್ತಾರೆ, ಸೊಂಟದ ಸುತ್ತಳತೆ ಬರ್ಕೋತಾರೆ. ಅದರಲ್ಲೇ ಇನ್ನೊಂದು ಪ್ರಶ್ನೆ ಇದೆ: ವಾರಕ್ಕೆ 150 ನಿಮಿಷವಾದರೂ ಮೈಗೆ ಕೆಲಸ ಕೊಡ್ತೀರಾ?

ಬನ್ನೂರು ಸೀಮೆಯಲ್ಲಿ ಇದನ್ನು ಕೇಳಿದರೆ ನಗು ಬರುವುದು ಸಹಜ. ಗದ್ದೇಲಿ ಗೇಯೋರಿಗೆ ಯಾವ ವ್ಯಾಯಾಮ ಕಣವ್ವ? ಆದರೆ ಈ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವಿದೆ.

ರೋಗಿಗೆ ವ್ಯಾಯಾಮ ಹೇಳುವುದು ನಮ್ಮಲ್ಲಿ ಬಹಳ ಹಳೆಯದು. ಪ್ರಮೇಹ ಅಂದರೆ ಇಂದಿನ ಸಕ್ಕರೆ ಕಾಯಿಲೆಗೆ ಹತ್ತಿರದ ರೋಗ. ಅದು ಬಂದವರು ದೂರ ದೂರ ನಡೆಯಲಿ, ಬಾವಿ ತೋಡಲಿ ಎನ್ನುತ್ತದೆ ಸುಶ್ರುತ ಸಂಹಿತೆ. ಶಕ್ತಿಯಲ್ಲಿ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಮಿತಿ ಮೀರಿದರೆ ಕೇಡು ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಮೈಸೂರು ಸೀಮೆಯಲ್ಲಿ ಮೈ ದಂಡಿಸುವ ಜಾಗ ಎಂದರೆ ಗರಡಿ ಮನೆ. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗದೆ, ದಸರಾ ಕುಸ್ತಿ. ಆದರೆ ಅದು ಹರೆಯದ ಗಂಡಸರ ಲೋಕ. ಹೆಂಗಸರಿಗೆ, ಮುದುಕರಿಗೆ, ಕಾಯಿಲೆಯವರಿಗೆ ಅಲ್ಲಿ ಜಾಗ ಇರಲಿಲ್ಲ.

ಸರ್ಕಾರಿ ಆಸ್ಪತ್ರೆಯೂ ಈ ಮಾತು ಆಡಲಿಲ್ಲ. ಅದಕ್ಕೆ ಕಾರಣವಿತ್ತು. 1930ರ ದಶಕದಲ್ಲಿ ಪಕ್ಕದ ಮಂಡ್ಯ ಕಡೆ ನಾಲೆ ನೀರಿನ ಜೊತೆಗೆ ಮಲೇರಿಯಾ ಕಾಟವೂ ಬಂತು. ಪ್ಲೇಗು, ಕಾಲರಾ, ಸಿಡುಬು ಜನರನ್ನು ಕೊಲ್ಲುತ್ತಿದ್ದ ಕಾಲ. 1940ರ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಆಗ ಡಾಕ್ಟರು ಸೂಜಿ, ಮಾತ್ರೆ, ವಿಶ್ರಾಂತಿ ಎನ್ನುತ್ತಿದ್ದರು. ಹೃದಯಾಘಾತವಾದವರನ್ನು ದೊಡ್ಡ ದೇಶಗಳಲ್ಲೂ ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು.

1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಎರಡಂತಸ್ತಿನ ಬಸ್ಸಿನಲ್ಲಿ ಡ್ರೈವರ್ ಕೂತೇ ಇರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರ್‌ಗಳಿಗಿಂತ ಡ್ರೈವರ್‌ಗಳಲ್ಲೇ ಹೆಚ್ಚಾಗಿ ಕಂಡಿತು. ಓಡಾಟಕ್ಕೂ ಹೃದಯಕ್ಕೂ ಇರುವ ನಂಟಿನ ಬಗ್ಗೆ ಜಗತ್ತು ಹೊಸದಾಗಿ ಯೋಚಿಸತೊಡಗಿತು.

ಈಗ ನಮ್ಮೂರಲ್ಲೂ ಡ್ರೈವರ್ ಸೀಟೇ ಜಾಸ್ತಿ. ಉಳಲು ಟ್ರ್ಯಾಕ್ಟರ್, ಕೊಯ್ಲಿಗೆ ಮಿಷನ್, ಅಂಗಡಿಗೆ ಹೋಗಲು ಬೈಕ್. ನಾಟಿ ಹಾಕುವ ಹೆಣ್ಣುಮಕ್ಕಳು ಇಂದಿಗೂ ಸೊಂಟ ಬಗ್ಗಿಸಿ ದುಡಿಯುತ್ತಾರೆ ನಿಜ. ಅದೂ ಲೆಕ್ಕಕ್ಕೆ ಬರುತ್ತದೆ, ಆಶಾ ಕೇಳಿದಾಗ ಧೈರ್ಯವಾಗಿ ಹೇಳಿ. ಆದರೆ ನಾಟಿ ವರ್ಷವಿಡೀ ಇರುವುದಿಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲೂ ಬಿಪಿ, ಶುಗರ್ ಬಿಡುವು ಕೊಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5 ವರ್ಷ ತುಂಬಿದ ಯಾರನ್ನೂ ಬಿಟ್ಟಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಓಟ, ಆಟ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಬಿರುಸು ನಡಿಗೆಯಂಥದ್ದು. 65 ದಾಟಿದವರಿಗೆ ಇದರ ಜೊತೆಗೆ, ಬೀಳದಂತೆ ಮೈ ಹಿಡಿತ ಕಲಿಸುವ ವ್ಯಾಯಾಮ ವಾರಕ್ಕೆ 3 ದಿನ. ಗರ್ಭಿಣಿಯರಿಗೆ, ಬಿಪಿ ಶುಗರ್ ಇರುವವರಿಗೆ ಕೂಡ ಬೇರೆ ಸಲಹೆಗಳಿವೆ. ಅಷ್ಟು ಆಗದಿದ್ದರೆ ಆದಷ್ಟು ಮಾಡಿ, ಏನೂ ಮಾಡದಿರುವುದಕ್ಕಿಂತ ಅದೇ ಮೇಲು ಎನ್ನುತ್ತದೆ.

ಗರಡಿ ಮನೆಯ ಬಾಗಿಲು ಕೆಲವರಿಗಷ್ಟೇ ತೆರೆದಿತ್ತು. ಆರೋಗ್ಯ ಕೇಂದ್ರದ ಬಾಗಿಲು ಎಲ್ಲರದ್ದು. ಮುಂದಿನ ಸಲ ಬಿಪಿ ಮಾತ್ರೆಗೆ ಹೋದಾಗ, "ನನ್ನ ವಯಸ್ಸಿಗೆ, ನನ್ನ ಮಂಡಿ ನೋವಿಗೆ ಎಷ್ಟು ನಡೀಬಹುದು?" ಎಂದು ಕೇಳಿ. ಎದೆ ನೋವು, ಏದುಸಿರು, ಕಾಲಲ್ಲಿ ಗಾಯ ಇದ್ದರೆ ಮೊದಲೇ ಹೇಳಿ. ನಡೀತೀವಲ್ಲ ಅಂತ ಮಾತ್ರೆ ಮಾತ್ರ ಬಿಡಬೇಡಿ.