ಗಣಕದ ಸ್ಮೃತಿಯಲ್ಲಿ ಹಿರಿಯ ಪುಟಗಳ ಮೇರೆ

ಗಣಕಯಂತ್ರದ ಸ್ಮೃತಿಯನ್ನು ಸಮನಾದ ಪುಟಗಳಾಗಿ ವಿಭಾಗಿಸುವ ಕ್ರಮವು 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದೊಡನೆ ಬಳಕೆಗೆ ಬಂದಿತು. 1985ರ ಇಂಟೆಲ್ 80386 ಸಂಸ್ಕಾರಕದಲ್ಲಿ ಪುಟದ ಅಳತೆಯು 4 ಕಿಲೋಬೈಟು. ಸ್ಮೃತಿಯು ಬೆಳೆದಂತೆ ಪುಟಗಳೂ ಹೆಚ್ಚಿ, ಅವುಗಳ ನೆಲೆಯನ್ನು ಒಡನೆಯೇ ತಿಳಿಸುವ ಕಿರುಪಟ್ಟಿಯು ಸಾಲದಾಯಿತು. ಇದಕ್ಕೆ ಪರಿಹಾರವಾದ ಹಿರಿಯ ಪುಟಗಳನ್ನು ಲಿನಕ್ಸ್ ಕರ್ನೆಲ್ 2011ರಿಂದ ತಾನಾಗಿಯೇ ಒದಗಿಸತೊಡಗಿತು. 2 ಮೆಗಾಬೈಟಿನ ಅಂತಹ ಪುಟವೊಂದು 512 ಕಿರಿಯ ಪುಟಗಳಿಗೆ ಸಮ. ಆದರೆ ಅದು 2 ಮೆಗಾಬೈಟಿನ ಮೇರೆಯಲ್ಲಿಯೇ ಆರಂಭವಾಗತಕ್ಕದ್ದು.

ಆದುದರಿಂದ 2024ರ ಜನವರಿಯಲ್ಲಿ ಹೊರಬಂದ 6.7ನೆಯ ಆವೃತ್ತಿಯು, ಕ್ರಮವಿಧಿಗಳು ಬೇಡುವ ಸ್ಮೃತಿಭಾಗಗಳಲ್ಲಿ 2 ಮೆಗಾಬೈಟಿಗೆ ಕಡಮೆಯಲ್ಲದವನ್ನು ಈ ಮೇರೆಗೆ ಹೊಂದಿಸಿತು. ಕೆಲವೆಡೆ ಫಲವು ವಿಪರೀತವಾಯಿತು. ವೇಗಪರೀಕ್ಷೆಯ ಕ್ರಮವಿಧಿಯೊಂದು 4632 ಕಿಲೋಬೈಟುಗಳ ಭಾಗಗಳನ್ನು ಅನೇಕವಾಗಿ ಬೇಡುತ್ತಿದ್ದಿತು. ಹಿಂದೆ ಒಂದಕ್ಕೊಂದು ಕೂಡಿ ನಿಲ್ಲುತ್ತಿದ್ದ ಅವು ಈಗ ನಡುವೆ ತೆರಪುಬಿಟ್ಟು ಬೇರೆಯಾದುವು. ಎಲ್ಲವೂ ಒಂದೇ ಬಗೆಯ ಮೇರೆಯಲ್ಲಿ ಮೊದಲಾಗುತ್ತಿದ್ದುದರಿಂದ ಶೀಘ್ರಸ್ಮೃತಿಯ ಅವೇ ಸ್ಥಾನಗಳಿಗೆ ಸ್ಪರ್ಧೆಯುಂಟಾಗಿ, ಕೆಲವು ಯಂತ್ರಗಳಲ್ಲಿ ವೇಗವು ಬಹಳವಾಗಿ ಕುಗ್ಗಿತೆಂದು ಭಾವಿಸಲಾಯಿತು. ಅದೇ ವರ್ಷದಲ್ಲಿ ಈ ಹೊಂದಿಕೆಯನ್ನು 2 ಮೆಗಾಬೈಟಿನಿಂದ ನಿಶ್ಶೇಷವಾಗಿ ಭಾಗವಾಗುವ ಅಳತೆಗಳಿಗೆ ಮಾತ್ರ ಮಿತಗೊಳಿಸಲಾಯಿತು. ಹಿರಿಯ ಪುಟಕ್ಕೆ ಮೇರೆಯು ಅನಿವಾರ್ಯವಾದರೂ, ಬೇಡಿದ ಪ್ರತಿಯೊಂದು ಭಾಗಕ್ಕೂ ಅದು ಹಿತವಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.