ಟಿವಿ, ಸೌಂಡ್‌ಬಾರ್ ಕೊಳ್ಳುವ ಮುನ್ನ: ಗಡಿನಾಡಿನ ಸದಸ್ಯರಿಗೆ ಮಾಹಿತಿ

ಹಬ್ಬದ ರಿಯಾಯಿತಿ ಶುರುವಾದರೆ ಅಂಗಡಿಯವರ ಮೊದಲ ಪ್ರಶ್ನೆ "ಎಷ್ಟು ಇಂಚು ಬೇಕು?" ಎಂಬುದು. ಗಡಿಯಾಚೆ ಇರುವ ನಾವು ಅದಕ್ಕೂ ಮೊದಲು ಯೋಚಿಸಬೇಕಾದದ್ದು ಬೇರೆ: ಆ ಟಿವಿಗೆ ಕನ್ನಡ ಎಲ್ಲಿಂದ ಬರುತ್ತದೆ?

ಕೇಬಲ್‌ನವರು ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯ ಪ್ಯಾಕನ್ನೇ ಮುಂದಿಡುತ್ತಾರೆ. ಬೇಕಾದ ವಾಹಿನಿಗಳನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರ ಫೆಬ್ರವರಿ 1ರಿಂದ ಟ್ರಾಯ್ ನಿಯಮದಂತೆ ಗ್ರಾಹಕರಿಗಿದೆ; ಕೇಳಿ ಪಡೆಯಿರಿ. ಆದರೆ ಆ ವಾಹಿನಿ ಕೇಬಲ್‌ನವರ ಜಾಲದಲ್ಲೇ ಇಲ್ಲದಿದ್ದರೆ ಡಿಟಿಎಚ್ ದಾರಿಯೇ ವಾಸಿ. ಅದು ಉಪಗ್ರಹದಿಂದ ನೇರವಾಗಿ ಬರುವುದರಿಂದ ಹೊಸೂರಾದರೂ ಒಂದೇ, ಅಕ್ಕಲಕೋಟೆಯಾದರೂ ಒಂದೇ.

ತಿಂಗಳ ಬಾಡಿಗೆ ಬೇಡವೆನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ತಟ್ಟೆ ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ, ಪಾವತಿ ವಾಹಿನಿಗಳು ಬರುವುದಿಲ್ಲ. ನಮ್ಮ ಕಡೆಯ ಊರುಗಳಿಂದ ಅದರ ತಟ್ಟೆ ಆಗ್ನೇಯ ದಿಕ್ಕಿಗೆ ಮುಖ ಮಾಡಬೇಕು. ಕಾಸರಗೋಡಿನ ತೋಟದ ಮನೆಯವರು ಆ ದಿಕ್ಕಿಗೆ ತೆಂಗಿನ ಗರಿ ಅಡ್ಡ ಬರುತ್ತದೆಯೇ ಎಂದು ನೋಡಿಕೊಳ್ಳಲಿ. ಜೋರು ಮಳೆಯಲ್ಲಿ ಚಿತ್ರ ಕಡಿದುಹೋಗುವುದು ಎಲ್ಲ ಡಿಟಿಎಚ್‌ಗಳಿಗೂ ಇದ್ದದ್ದೇ. ಇಂಟರ್‌ನೆಟ್ ಮೂಲಕ ನೋಡುವುದಾದರೆ ಫುಲ್ ಎಚ್‌ಡಿಗೆ ಸುಮಾರು 5 ಎಂಬಿಪಿಎಸ್, 4ಕೆಗೆ ಸುಮಾರು 15 ಎಂಬಿಪಿಎಸ್ ವೇಗ ಬೇಕು.

ಇನ್ನು ಧ್ವನಿ. ನಮ್ಮ ಅಭಿಪ್ರಾಯದಲ್ಲಿ ಹಣ ಹಾಕಬೇಕಾದದ್ದು ಇಲ್ಲಿ. ತೆಳ್ಳಗಿನ ಟಿವಿಗಳ ಸ್ಪೀಕರುಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಮನೆಯ ಹಿರಿಯರಿಗೆ ಮಾತು ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಸಂಗೀತ ಅಬ್ಬರಿಸುತ್ತದೆ, ಮಾತು ಅಲ್ಲೇ ಉಳಿಯುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸದ್ದು ಕ್ಷೀಣ, ಮೇಲಿನ ಕಂಪನಾಂಕದ್ದು. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದೂ ಅದೇ. ತಾಳಮದ್ದಳೆಯಂಥ ಮಾತಿನ ಕಲೆಯಲ್ಲಿ ಅದು ತಪ್ಪಿದರೆ ಉಳಿಯುವುದೇನು? ಆದ್ದರಿಂದ ದೊಡ್ಡ ಸಬ್‌ವೂಫರ್ ಇರುವ 2.1 ಸೆಟ್ಟಿಗಿಂತ, ಮಾತಿಗೆಂದೇ ನಡುವೆ ಸ್ಪೀಕರ್ ಇರುವ 3.1 ಸೌಂಡ್‌ಬಾರ್ ಮೇಲು. ನಿಮಗೆ ಚೆನ್ನಾಗಿ ಗೊತ್ತಿರುವ ಪ್ರಸಂಗವನ್ನೋ ನಾಟಕವನ್ನೋ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಕೇಳಿ. ಅವರು ಹಾಕುವ ಡೆಮೊ ಹಾಡಿನಿಂದ ಏನೂ ತಿಳಿಯುವುದಿಲ್ಲ. ಪೆಟ್ಟಿಗೆಯ ಮೇಲಿನ ಪಿಎಂಪಿಒ ಸಂಖ್ಯೆಗೆ ಅರ್ಥವಿಲ್ಲ, ಆರ್‌ಎಂಎಸ್ ವ್ಯಾಟ್ ಎಷ್ಟೆಂದು ಕೇಳಿ.

ಟಿವಿ, ಸೌಂಡ್‌ಬಾರ್ ಎರಡರಲ್ಲೂ 'ಎಚ್‌ಡಿಎಂಐ ಎಆರ್‌ಸಿ' ಎಂದು ಬರೆದಿರುವ ಕಿಂಡಿ ಇರಲಿ. ಒಂದೇ ತಂತಿ ಸಾಕು, ಟಿವಿ ರಿಮೋಟಿನಲ್ಲೇ ಎರಡೂ ನಡೆಯುತ್ತವೆ. ಹಳೆಯ ಆಂಪ್ಲಿಫೈಯರ್ ಇರುವವರು ಅದನ್ನು ಬಿಸಾಡಬೇಕಿಲ್ಲ. ಟಿವಿಯ ಆಪ್ಟಿಕಲ್ ಕಿಂಡಿಗೆ 'ಡಿಎಸಿ' ಎಂಬ ಪುಟ್ಟ ಬಾಕ್ಸ್ ಸೇರಿಸಿ, ಟಿವಿಯ ಧ್ವನಿ ಸೆಟ್ಟಿಂಗನ್ನು 'ಪಿಸಿಎಂ'ಗೆ ಇಡಿ. ಇಲ್ಲದಿದ್ದರೆ ಸದ್ದೇ ಬಾರದಿರಬಹುದು. ಯಕ್ಷಗಾನದ ಹಳೆಯ ಕ್ಯಾಸೆಟ್ ಇಟ್ಟುಕೊಂಡವರು 'ಆಕ್ಸ್' ಕಿಂಡಿ ಇರುವ ಸೌಂಡ್‌ಬಾರನ್ನೇ ಕೊಳ್ಳಿ, ಟೇಪ್‌ರೆಕಾರ್ಡರನ್ನೂ ಅದಕ್ಕೆ ಜೋಡಿಸಬಹುದು.

ಪರದೆಯ ಲೆಕ್ಕ ಸುಲಭ. ಕೂರುವ ದೂರ ಪರದೆಯ ಕರ್ಣದ ಒಂದೂವರೆ ಪಟ್ಟು ಇದ್ದರೆ ಹಿತ: 43 ಇಂಚಿಗೆ ಸುಮಾರು ಐದೂವರೆ ಅಡಿ, 55 ಇಂಚಿಗೆ ಸುಮಾರು 7 ಅಡಿ.

ಟಿವಿಯ ಹಿಂದೆ 100–240 ವೋಲ್ಟ್ ಎಂದಿದ್ದರೆ ಪ್ರತ್ಯೇಕ ಸ್ಟೆಬಿಲೈಸರ್ ಸಾಮಾನ್ಯವಾಗಿ ಬೇಕಾಗದು, ಅರ್ಥಿಂಗ್ ಮಾತ್ರ ಸರಿಯಾಗಿರಲಿ. ಗುಡುಗು ಬರುವ ಮೊದಲೇ ಪ್ಲಗ್ಗಿನ ಜೊತೆಗೆ ತಟ್ಟೆಯ ತಂತಿಯನ್ನೂ ಕಳಚಿಡಿ. ಸಿಡಿಲಿನ ಹೊಡೆತ ಆ ತಂತಿಯಿಂದಲೂ ಬರುತ್ತದೆ.

ಗಡಿ ದಾಟಿ ಬೇರೆ ಊರಿನಲ್ಲಿ ಕೊಳ್ಳುವವರು, ರಿಪೇರಿಯವರು ನಿಮ್ಮ ಪಿನ್‌ಕೋಡಿಗೆ ಬರುತ್ತಾರೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ, ಬಿಲ್ಲಿನಲ್ಲಿ ಮನೆಯ ವಿಳಾಸವನ್ನೇ ಬರೆಸಿ.